ಐದನೆಯ ವಾರದ ತುರಿಕೆ

ಸರ್ವೋತ್ತಮ ಮಾವ ಎರಡನೆಯ ನೀರುದೋಸೆಗೆ ಕೈ ಹಾಕಿದಾಗ ಪ್ರೇಕ್ಷಾ ಬೆರಳ ಸಂದಿಯನ್ನು ತುರಿಸಿಕೊಂಡಳು. ಒಂದು ನಿಮಿಷ ಬಿಟ್ಟು ಅವಳ ಅಪ್ಪ ಯೋಗೀಶ ಮಣಿಕಟ್ಟು ತುರಿಸಿಕೊಂಡ. ಒಲೆಯ ಮುಂದಿದ್ದ ಅಮ್ಮ ಶರ್ಮಿಳಾ ಸಟ್ಟುಗದ ಹಿಡಿಯಿಂದಲೇ ಸೊಂಟ ಕೆರೆದುಕೊಂಡಳು. ಇದು ಸ್ವಲ್ಪ ಅತಿಯಾಯಿತು ಎಂದು ಯೋಗೀಶನಿಗೆ ಅನ್ನಿಸಿತು. ಅಭ್ಯಾಸ ಮಾಡುವಾಗ ಸಟ್ಟುಗ ಇರಲಿಲ್ಲ.

ಡೊಂಬಿವಿಲಿಯ ಆ ಮನೆಗೆ ಇರುವುದು ಒಂದೇ ಮಲಗುವ ಕೋಣೆ. ಎಂಟು ದಿನ ಇದ್ದು ಹೋಗುತ್ತೇನೆಂದು ಬಂದ ಮಾವ ಅದರಲ್ಲಿ ಐದನೆಯ ವಾರ ಕಳೆಯುತ್ತಿದ್ದರು. ತುರ್ಭೆಯ ಕಾರ್ಖಾನೆಯೊಂದರ ಕ್ಯಾಂಟೀನನ್ನು ಮೂವತ್ತು ವರ್ಷ ನಡೆಸಿದ ಮನುಷ್ಯ. ಮದುವೆಯಾಗಿಲ್ಲ. ಕ್ಯಾಂಟೀನು ಬಿಟ್ಟ ಮೇಲೆ ಅಕ್ಕಂದಿರ ಮಕ್ಕಳಾದ ರಂಜನ್, ವಸಂತಕುಮಾರ, ಯೋಗೀಶರ ಮನೆಗಳಲ್ಲಿ ಸರದಿಯಂತೆ ವಾಸ. ಬೆಳಗಿನ ಐದಕ್ಕೆ ಮೊಬೈಲಿನಲ್ಲಿ ಗಟ್ಟಿಯಾಗಿ ಸುಪ್ರಭಾತ. ಏಳಕ್ಕೆ ಚಟ್ನಿಯ ವಿಮರ್ಶೆ. ಹನ್ನೆರಡನೆಯ ತರಗತಿಯ ಪರೀಕ್ಷೆ ಹತ್ತಿರವಿದ್ದ ಪ್ರೇಕ್ಷಾ ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರಿಗೆ ಒರಗಿ ಓದುತ್ತಿದ್ದಳು. ಹೋಗಿ ಎಂದು ಬಾಯಿಬಿಟ್ಟು ಹೇಳುವಂತಿರಲಿಲ್ಲ. ಯೋಗೀಶ ಊರು ಬಿಟ್ಟು ಈ ಕಡೆಗೆ ಹೊಸದಾಗಿ ಬಂದಾಗ ಎರಡು ವರ್ಷ ಊಟ ಹಾಕಿದವರು ಅವರೇ.

ಹಿಂದಿನ ವಾರ ಕೆಂಗಣ್ಣಿನ ಪ್ರಯೋಗ ನಡೆದಿತ್ತು. ಮೂವರೂ ಈರುಳ್ಳಿ ಹಿಡಿದು ಕಣ್ಣು ಕೆಂಪು ಮಾಡಿಕೊಂಡರು. ಮಾವ ಜಗ್ಗಲಿಲ್ಲ. "ಕೆಂಗಣ್ಣಿಗೆಲ್ಲ ಹೆದರುವ ಜನ ಅಲ್ಲ ಮಾರಾಯ ನಾನು," ಎಂದು ಮೂವರನ್ನೂ ಸಾಲಾಗಿ ಮಲಗಿಸಿ ಡ್ರಾಪ್ಸ್ ಬಿಟ್ಟರು. ನಾಲ್ಕು ದಿನ ಅಡುಗೆಯನ್ನೂ ತಾವೇ ಮಾಡಿದರು. ಅಡುಗೆ ತುಂಬ ಚೆನ್ನಾಗಿತ್ತು. ಅದರಿಂದ ನಾಚಿಕೆ ಇನ್ನೂ ಹೆಚ್ಚಾಯಿತು.

ಕಜ್ಜಿಯ ಉಪಾಯ ಪ್ರೇಕ್ಷಾಳದ್ದು.

"ಎಂತ, ತುರಿಸ್ತದಾ?" ಮಾವ ಕೇಳಿದರು.

"ಬಹುತ್ ಖುಜಲೀ ಹೋ ರಹೀ ಹೈ, ಅಜ್ಜಾ," ಎಂದು ಹಿಂದಿಯಲ್ಲೇ ತುರಿಕೆ ತೋಡಿಕೊಂಡಳು ಪ್ರೇಕ್ಷಾ.

"ಮೂವರಿಗೂ ಉಂಟು ಮಾವ," ಎಂದ ಯೋಗೀಶ. "ಕಜ್ಜಿ ಅಂತ ಕಾಣ್ತದೆ. ಹತ್ತಿರ ಇದ್ದವರಿಗೆಲ್ಲ ಹತ್ತುತ್ತದಂತೆ."

ಮಾವನ ಮುಖ ಬಿಳಿಚಿತು. ಕೈಯಲ್ಲಿದ್ದ ದೋಸೆ ತಟ್ಟೆಗೆ ಬಿತ್ತು.

"ನಾನು ಬಂದು ಎಷ್ಟು ವಾರ ಆಯ್ತು?"

"ಐದು."

"ಹೌದು, ಐದೇ," ಎಂದು ಅವರು ಎದ್ದರು. ತನ್ನನ್ನೇ ಚುಚ್ಚಿದರೆಂದುಕೊಂಡು ಯೋಗೀಶ ತಲೆ ತಗ್ಗಿಸಿದ.

ಅರ್ಧ ಗಂಟೆಯಲ್ಲಿ ಮಾವ ಹೊರಟುನಿಂತರು. ಚೀಲ ಎತ್ತಿಕೊಡಲು ಬಂದ ಪ್ರೇಕ್ಷಾಳಿಗೆ, "ಮುಟ್ಟಬೇಡ ಮಗಾ, ದೂರ ನಿಲ್ಲು," ಎಂದರು. ಹೊದೆಯುತ್ತಿದ್ದ ಚಾದರವನ್ನೂ ಕಟ್ಟಿಕೊಂಡು ಹೋದರು. ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ಮೂವರೂ ಸದ್ದಿಲ್ಲದೆ ಕುಣಿದರು. ಪ್ರೇಕ್ಷಾ ಕೋಣೆಯ ತುಂಬ ಪುಸ್ತಕ ಹರಡಿದಳು. ಶರ್ಮಿಳಾ ಮಾವ ಬಿಟ್ಟುಹೋದ ಹಾಸಿಗೆಯಲ್ಲಿ ಕೈಕಾಲು ಚಾಚಿ ಮಲಗಿದಳು.

ಮೂರನೆಯ ದಿನ ಮಾವನ ಫೋನ್ ಬಂತು. ಠಾಣೆ ಪಟ್ಟಣದಲ್ಲಿ ಹಳೆಯ ಸ್ನೇಹಿತ ಧರ್ಮಪಾಲನ ಹೋಟೆಲಿನ ಮಹಡಿಯಲ್ಲಿದ್ದರು. ಯೋಗೀಶ ಸ್ಪೀಕರ್ ಹಾಕಿದ.

"ನಿನ್ನ ಹತ್ತಿರ ಒಂದು ವಿಷಯ ಮುಚ್ಚಿಟ್ಟಿದ್ದೆ ಮಾರಾಯ. ಸೀವುಡ್ಸಿನಲ್ಲಿ ರಂಜನನ ಮನೆಯಲ್ಲಿದ್ದೆ ಅಲ್ವಾ? ಐದನೇ ವಾರಕ್ಕೆ ಗಂಡ ಹೆಂಡತಿ ಇಬ್ಬರಿಗೂ ಇದೇ ತುರಿಕೆ. ಮಾಜಿವಾಡಾಕ್ಕೆ ಹೋದೆ. ಅಲ್ಲಿ ವಸಂತಕುಮಾರನ ಮನೆಯಲ್ಲೂ ಅದೇ ಕತೆ. ಈಗ ನಿಮಗೆ. ಈ ಹುಳ ಹೊಸಬರ ಮೈಗೆ ಹತ್ತಿದರೆ ತುರಿಕೆ ಕಾಣಿಸ್ಲಿಕ್ಕೆ ನಾಲ್ಕೈದು ವಾರ ಬೇಕಂತೆ, ಡಾಕ್ಟ್ರು ಹೇಳಿದ್ರು. ನನಗೆ ತುರಿಸದಿದ್ದರೂ ನಾನೇ ಹೊತ್ತುಕೊಂಡು ಮನೆ ಮನೆ ತಿರುಗ್ತಿದ್ದೇನೆ. ಹುಡುಗಿಯ ಪರೀಕ್ಷೆ ಬೇರೆ. ನನ್ನನ್ನು ಕ್ಷಮಿಸಬೇಕು ನೀನು."

ಶರ್ಮಿಳಾ ಒಲೆ ಆರಿಸಿ ಹತ್ತಿರ ಬಂದಳು.

"ಎಲ್ಲರೂ ಒಟ್ಟಿಗೆ ಮದ್ದು ಮಾಡದಿದ್ದರೆ ಒಬ್ಬರಿಂದ ಒಬ್ಬರಿಗೆ ಮತ್ತೆ ಹತ್ತುತ್ತದಂತೆ. ನಾಳೆ ಹತ್ತು ಗಂಟೆಗೆ ಇಲ್ಲಿ ಠಾಣೆಯಲ್ಲಿ ಡಾಕ್ಟರ್ ಅಂಬಾರಾಯರ ಕ್ಲಿನಿಕ್ಕಿಗೆ ಬನ್ನಿ. ಮೂರೂ ಮನೆಯವರಿಗೆ ಹೇಳಿದ್ದೇನೆ."

ಫೋನ್ ಇಟ್ಟ ಮೇಲೆ ಶರ್ಮಿಳಾ ಕುತ್ತಿಗೆ ತುರಿಸಿಕೊಂಡಳು.

"ಇನ್ನೂ ಎಂತದ್ದು? ನಾಟಕ ಸಾಕು," ಎಂದ ಯೋಗೀಶ.

"ನಾಟಕ ಅಲ್ಲ ಮಾರಾಯ್ರೆ. ಮೂರು ದಿನದಿಂದ ಅದೇ ಹಾಸಿಗೆಯಲ್ಲಿ ಹೊರಳಾಡಿದ್ದೇನೆ!"

ಹೇಳಿ ಮುಗಿಸುವಷ್ಟರಲ್ಲಿ ಯೋಗೀಶನ ಬೆನ್ನಿನಲ್ಲಿ ಏನೋ ಹರಿದಂತಾಯಿತು. ಪ್ರೇಕ್ಷಾ ಪುಸ್ತಕ ಮುಚ್ಚಿ ಎರಡೂ ಕೈಯಿಂದ ಮೊಣಕೈಗಳನ್ನು ಹಿಡಿದುಕೊಂಡಳು. ಸಂಜೆಯೊಳಗೆ ಹಾಸಿಗೆ ತಾರಸಿಯ ಬಿಸಿಲಿಗೆ ಹೋಗಿತ್ತು, ಬೆಡ್‌ಶೀಟುಗಳು ಕುದಿಯುತ್ತಿದ್ದವು, ಮೂವರೂ ಎರಡೆರಡು ಸಲ ಮಿಂದಿದ್ದರು. ತುರಿಕೆ ನಿಲ್ಲಲಿಲ್ಲ. ಯೋಗೀಶನನ್ನು ಕೊರೆದದ್ದು ಬೇರೆ. ಮಗುವಿಗೆ ಹತ್ತಬಾರದೆಂದು ಚೀಲ ಮುಟ್ಟಗೊಡದೆ ಹೋದ ಮನುಷ್ಯನ ಬೆನ್ನಹಿಂದೆ ತಾವು ಕುಣಿದದ್ದು. ತನಗೇ ರೋಗವಿದೆಯೆಂದು ಅವರು ಕೊರಗುತ್ತಿದ್ದರೆ ತಾವು ಅದನ್ನೇ ನಟಿಸಿ ಓಡಿಸಿದ್ದು.

"ನಾಳೆ ಅವರ ಕಾಲು ಹಿಡಿದು ಎಲ್ಲ ಹೇಳ್ತೇನೆ," ಎಂದ.

"ಮೊದಲು ಮದ್ದು ಹಚ್ಚಿಸಿಕೊಳ್ಳುವ," ಎಂದಳು ಶರ್ಮಿಳಾ. "ಆಮೇಲೆ ಹೇಳಿ."

ಮರುದಿನ ಹತ್ತಕ್ಕೆ ಮುಂಚೆಯೇ ಕ್ಲಿನಿಕ್ಕು ತಲುಪಿದರು. ಎದುರು ಬೆಂಚಿನಲ್ಲಿ ರಂಜನ್ ಮತ್ತು ಅವನ ಹೆಂಡತಿ ದಿಶಾ, ಪಕ್ಕದಲ್ಲಿ ವಸಂತಕುಮಾರ ಮತ್ತು ಅವನ ಹೆಂಡತಿ ಅಕ್ಕು ಆಗಲೇ ಕೂತಿದ್ದರು. ಮಾವ ಒಳಗೆ ಡಾಕ್ಟರ ಬಳಿ ಇದ್ದಾರೆಂದು ರಂಜನ್ ಹೇಳಿದ. ಹೇಳಿ ಗೋಡೆಯ ಕಡೆ ಮುಖ ತಿರುಗಿಸಿದ. ಅಣ್ಣತಮ್ಮಂದಿರು ಸೇರಿದಲ್ಲಿ ಇಷ್ಟು ಮೌನವನ್ನು ಯೋಗೀಶ ಕಂಡಿರಲಿಲ್ಲ. ಪಾಪ, ಅವರಿಗೂ ಸಂಕೋಚ.

ದಿಶಾಳ ತೋಳಿನ ಮೇಲೆ ಒಂದು ಗುಳ್ಳೆಯೂ ಇರಲಿಲ್ಲ. ವಸಂತಕುಮಾರ ನೆಮ್ಮದಿಯಾಗಿ ಕ್ರಿಕೆಟ್ ನೋಡುತ್ತಿದ್ದ. ಇಪ್ಪತ್ತು ನಿಮಿಷದಲ್ಲಿ ಆ ನಾಲ್ವರಲ್ಲಿ ಒಬ್ಬರೂ ಒಮ್ಮೆಯೂ ತುರಿಸಿಕೊಳ್ಳಲಿಲ್ಲ. ಇವರಿಗೆ ಮೊದಲೇ ಬಂದದ್ದಲ್ಲವೇ, ಮದ್ದು ಹಿಡಿದಿರಬೇಕು ಎಂದುಕೊಳ್ಳುತ್ತ ಯೋಗೀಶ ಮೊಣಕಾಲು ಕೆರೆದುಕೊಂಡ.

ಆಗ ಒಳಗಿನ ಬಾಗಿಲು ತೆರೆದು ಸರ್ವೋತ್ತಮ ಮಾವ ಹೊರಗೆ ಕಾಲಿಟ್ಟದ್ದೇ ತಡ, ಎದುರು ಬೆಂಚಿನ ನಾಲ್ವರೂ ಒಟ್ಟಿಗೆ ತುರಿಸಿಕೊಳ್ಳತೊಡಗಿದರು.