ಸೀಳಿದ ಸೀಟು

ಸ್ಕೂಟರಿನ ಸೀಟು ಮತ್ತೆ ಸೀಳಿತ್ತು. ಹೋದ ವಾರದಂತೆಯೇ, ಹೊಲಿಗೆಯುದ್ದಕ್ಕೂ, ಈ ತುದಿಯಿಂದ ಆ ತುದಿಗೆ. ಒಳಗಿನ ಸ್ಪಂಜಿಗೆ ಒಂದು ಗೀರೂ ಬಿದ್ದಿರಲಿಲ್ಲ.

“ಮನೆವರೆಗೂ ಬಂದುಬಿಟ್ರು ಅಕ್ಕ,” ಎಂದ ತಮ್ಮ. ಬಾಗಿಲ ಚಿಲಕ ಹಾಕಿದ. ತೆಗೆದು ಮತ್ತೆ ಹಾಕಿದ.

ಪಕ್ಕದ ಮನೆಯ ಮುದುಕ ಬಗ್ಗಿ ನೋಡಿ, “ಪಳಗಿದ ಕೈ ಬಿಡಿ,” ಎಂದು ಮೆಚ್ಚಿಕೊಂಡೇ ಹೋದ. ಬುದ್ಧಿ ಇದ್ದಿದ್ದರೆ ಸುಮ್ಮನಿರುತ್ತಿದ್ದ.

ಅಕ್ಕ ಟೈಲರು. ಪುಣ್ಯಕ್ಕೆ ಅದೇ ಕಪ್ಪು ರೆಕ್ಸಿನ್ ಮನೆಯಲ್ಲೇ ಇತ್ತು. ಮಧ್ಯಾಹ್ನದೊಳಗೆ ಸೀಟು ಸರಿಹೋಯಿತು. ತಮ್ಮ ಸರಿಹೋಗಲಿಲ್ಲ.

ಅವನು ಬಸ್ ಡಿಪೋದಲ್ಲಿ ಬ್ರೇಕ್ ಪರೀಕ್ಷಿಸುವವನು. ಸವೆದ ಬ್ರೇಕುಗಳನ್ನೇ ಉಜ್ಜಿ, ಬಣ್ಣ ಬಳಿದು, ಹೊಸದೆಂದು ಹಾಕುತ್ತಿದ್ದಾರೆ ಎಂದು ದೂರು ಕೊಟ್ಟಿದ್ದ. ಅಂದಿನಿಂದ ಅವನ ಕೈಯಿಂದ ಕೆಲಸ ಕಿತ್ತುಕೊಂಡು, ಗೇಟಿನ ಪಕ್ಕ ಒಂದು ಕುರ್ಚಿ ಹಾಕಿ ಕೂರಿಸಿದ್ದರು. ಒಟ್ಟಿಗೆ ಉಂಡವರೆಲ್ಲ ಅವನನ್ನು ಕಂಡರೆ ತಂತಮ್ಮ ಚಪ್ಪಲಿ ನೋಡಿಕೊಂಡು ನಡೆಯುತ್ತಿದ್ದರು. ಅದಕ್ಕೂ ಅವನು ನಗುತ್ತಿದ್ದ: “ಕೂತು ಸಂಬಳ ತಗೊಳ್ಳೋ ಯೋಗ ಮ್ಯಾನೇಜರಿಗೂ ಇಲ್ಲ ಅಕ್ಕ!”

ಮೊದಲ ಸಲ ಸೀಟು ಸೀಳಿದಾಗ ಆ ನಗು ನಿಂತಿತು. ಆದರೂ ದೂರು ಹಿಂತೆಗೆಯಲಿಲ್ಲ. ಎರಡನೆಯ ಸಲಕ್ಕೆ ನಿದ್ದೆಯೂ ಹೋಯಿತು, ಅನ್ನವೂ ಸೇರದಾಯಿತು. ಹೊರಗೆ ಎಲೆ ಅಲುಗಿದರೂ ಬೆಚ್ಚಿಬೀಳುತ್ತಿದ್ದ.

ಅಮ್ಮ ಹೋದ ಮೇಲೆ ಅಕ್ಕನೇ ಎತ್ತಿ ಆಡಿಸಿದ ತಮ್ಮ. “ನಿನಗ್ಯಾಕೋ ಊರ ಉಸಾಬರಿ? ಕೊಂದುಹಾಕ್ತಾರೆ, ವಾಪಸ್ ತಗೋ,” ಎಂದು ಮೊದಲ ದಿನವೇ ಗದರಿದ್ದಳು. ಈಗ ಅವನ ಬತ್ತಿದ ಮುಖ ಕಂಡಾಗಲೆಲ್ಲ ಎಲ್ಲಕ್ಕೂ ತಾನೇ ಕಾರಣ ಎನ್ನುತ್ತ ಕುಗ್ಗುತ್ತಿದ್ದಳು.

“ನಿಂದೇನು ತಪ್ಪು ಅಕ್ಕ?” ಎನ್ನುತ್ತಿದ್ದ ಅವನು. ಅದನ್ನು ಕೇಳುವುದು ಇನ್ನೂ ಕಷ್ಟ.

ಮನೋವೈದ್ಯೆಯ ಬಳಿಗೆ ಅವಳೇ ಕರೆದೊಯ್ದಳು. ಅವರು ಅವನ ಮಾತನ್ನೆಲ್ಲ ಕೇಳಿ ಅಕ್ಕನ ಕಡೆ ತಿರುಗಿದರು. “ಡಿಪೋದವರ ಕಾಟ ತಡ್ಕೊಂಡಿದ್ರು, ಮನೇಲಿ ಭಯ ಇಲ್ಲ ಅನ್ನೋ ಧೈರ್ಯದಲ್ಲಿ. ಈಗ ಅದೂ ಹೋಗಿದೆ. ನೀವು ಇವರ ಬೆನ್ನಿಗೆ ನಿಲ್ಲಬೇಕು.”

ಅಕ್ಕ ತಲೆಯಾಡಿಸಿದಳು. ವೈದ್ಯೆಯ ಮುಖ ನೋಡಲಾಗಲಿಲ್ಲ.

ದೂರಿನ ವಿಚಾರಣೆಯ ದಿನ ಬೆಳಿಗ್ಗೆ ತಮ್ಮ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಲ್ಮೆಟ್ ಹಿಡಿದು ನಿಂತ.

“ದೂರು ವಾಪಸ್ ತಗೊಂಡು ಬರ್ತೀನಿ.”

ಅವಳು ಬೇಡಿಕೊಂಡಿದ್ದೂ ಇದನ್ನೇ. ಆದರೂ ಕೇಳಿದಳು, “ಹೆದರಿದೆಯಾ?”

“ನನಗೋಸ್ಕರ ಅಲ್ಲ. ಇವತ್ತು ಸೀಟು, ನಾಳೆ ನೀನು. ನಿನಗೇನಾದ್ರೂ ಆದ್ರೆ ನನಗೆ ಯಾರಿದ್ದಾರೆ?”

“ಮತ್ತೆ ಆ ಬಸ್ಸುಗಳು?”

“ಓಡ್ತವೆ. ನಿಲ್ಲೋದಷ್ಟೇ ಕಷ್ಟ.”

ಎಂದಿನಂತೆ ತಮಾಷೆಗೆ ಹೇಳಹೋದ. ಕಣ್ಣು ತುಂಬಿಕೊಂಡಿತು.

ಅಕ್ಕ ಹೊಲಿಗೆ ಯಂತ್ರದ ಡ್ರಾಯರಿನಿಂದ, ತಪ್ಪಿದ ಹೊಲಿಗೆ ಬಿಚ್ಚುವ ಬ್ಲೇಡನ್ನು ತೆಗೆದುಕೊಂಡು ಹೊರಗೆ ನಡೆದಳು. ತಮ್ಮ ಹಿಂದೆಯೇ ಬಂದ. ಅವನ ಕಣ್ಣೆದುರೇ ಬ್ಲೇಡನ್ನು ಸೀಟಿಗಿಟ್ಟು, ಹೊಲಿಗೆಯುದ್ದಕ್ಕೂ, ಈ ತುದಿಯಿಂದ ಆ ತುದಿಗೆ ಎಳೆದಳು. ಒಳಗಿನ ಸ್ಪಂಜಿಗೆ ಒಂದು ಗೀರೂ ಬೀಳಲಿಲ್ಲ.

“ಮನೆವರೆಗೂ ಯಾರೂ ಬಂದಿರಲಿಲ್ಲ ಕಣೋ. ಹೋಗು, ಇದ್ದದ್ದು ಇದ್ದ ಹಾಗೆ ಹೇಳಿ ಬಾ.”