ಮಗು ಮಾತ್ರ ಕಾಣಬೇಕು

"ಬೆರಳು ಕಾಣ್ತಿದೆ ಕಣಮ್ಮ, ಒಳಗೆ ಎಳ್ಕೊ," ಎಂದ ಫೋಟೋಗ್ರಾಫರ್ ಗುಬ್ಬಿಮಾಮ.

ಕುರ್ಚಿಯ ಮೇಲೆ ತಲೆಯಿಂದ ಕಾಲಿನವರೆಗೆ ಬಿಳಿ ಬಟ್ಟೆ ಹೊದ್ದ ಹೆಂಗಸು. ಅವಳ ತೊಡೆಯ ಮೇಲೆ ಇನ್ನೂ ನೆಟ್ಟಗೆ ಕೂರಲು ಬಾರದ ಹೆಣ್ಣುಮಗು. ಪಾಸ್‌ಪೋರ್ಟ್ ಫೋಟೋದಲ್ಲಿ ಮಗು ಮಾತ್ರ ಕಾಣಬೇಕು. ಹಿಡಿದವರ ಉಗುರೂ ಕಾಣಕೂಡದು. ಕಣ್ಣು ತೆರೆದಿರಬೇಕು, ಬಾಯಿ ಮುಚ್ಚಿರಬೇಕು, ನೋಟ ನೇರ ಕ್ಯಾಮೆರಾಕ್ಕೆ. ದೊಡ್ಡವರಿಗೇ ಆಗದ ಈ ಕೆಲಸವನ್ನು ಹಸುಗೂಸುಗಳಿಂದ ಮಾಡಿಸುವುದರಲ್ಲಿ ಅವನದು ಎತ್ತಿದ ಕೈ. ಅವನು ಗುಬ್ಬಿಯಂತೆ ಚಿಂವ್‌ಗುಟ್ಟಿದರೆ ಎಂಥ ಹಟಮಾರಿಯೂ ತಿರುಗಿ ನೋಡುತ್ತಿತ್ತು. ಹೆಸರು ಬಂದದ್ದೂ ಹಾಗೆಯೇ. ಇವತ್ತು ಗಂಟಲು ಒಣಗಿದ್ದಷ್ಟೇ ಲಾಭ. ಮಗು ಜಪ್ಪಯ್ಯ ಅಂದರೂ ಈ ಕಡೆ ನೋಡದೆ, ಮುಖವೆತ್ತಿ ಬಟ್ಟೆಯಲ್ಲೇ ಏನನ್ನೋ ಹುಡುಕುತ್ತಿತ್ತು.

"ಅಮ್ಮನ್ನ ನೋಡು ಚಿನ್ನಾ, ಇಲ್ಲಿ, ಇಲ್ಲಿ," ಎಂದು ಕ್ಯಾಮೆರಾದ ಪಕ್ಕ ನಿಂತವಳು ಗಿಲಕಿ ಆಡಿಸುತ್ತಿದ್ದಳು.

"ನಿಮ್ಮ ಮಗಳಿಗೆ ಆಯಾ ಮೇಲೇ ಜೀವ ನೋಡಿ," ಎಂದು ಗುಬ್ಬಿಮಾಮ ನಕ್ಕ.

ಅವಳು ನಗಲಿಲ್ಲ. "ಆಯಾ ಅಲ್ಲ, ನನ್ನ ತಮ್ಮನ ಹೆಂಡ್ತಿ. ಹೆತ್ತಿದ್ದು ಅವಳೇ. ನಮಗೆ ಮಕ್ಕಳಿಲ್ಲ, ಅವರಿಗೆ ಇನ್ನಿಬ್ಬರಿದ್ದಾರೆ. ಮನೆಯವರೆಲ್ಲ ಕೂತು ಮಾತಾಡಿ ಆಯ್ತು, ಇನ್ಮೇಲೆ ಮಗು ನಮ್ದು. ಪಾಸ್‌ಪೋರ್ಟ್ ಕೈಗೆ ಬಂದ ಕೂಡ್ಲೇ ಕರ್ಕೊಂಡು ಹೊರಡೋದು."

ಗುಬ್ಬಿಮಾಮ ನಾಲಿಗೆ ಕಚ್ಚಿಕೊಂಡ. ಇಷ್ಟೂ ಮಾತು ಬಟ್ಟೆಯೊಳಗಿದ್ದವಳ ಕಿವಿಗೆ ಬಿದ್ದಿತ್ತು. ಬಟ್ಟೆ ಮಾತ್ರ ಮಿಸುಕಲಿಲ್ಲ. ಅಂಗಡಿ ಮುಚ್ಚಿ ಎಲ್ಲಾದರೂ ಹೋಗಿಬಿಡೋಣ ಎನಿಸಿತು ಅವನಿಗೆ. ಆದರೆ ಒಪ್ಪಿಕೊಂಡ ಕೆಲಸ.

"ಒಂದು ಕೆಲಸ ಮಾಡಿ," ಎಂದ, ಯಾರ ಮುಖವನ್ನೂ ನೋಡದೆ. "ನೀವು ಮಗು ಹಿಡ್ಕೊಂಡು ಕೂತ್ಕೊಳಿ. ಅವರು ಈಚೆ ಬರ್ಲಿ."

ಬಟ್ಟೆ ಈಗ ಗಂಡನ ಅಕ್ಕನ ಮೇಲೆ ಬಿತ್ತು. ಮಗು ಅಳಲು ತುಟಿ ಸೊಟ್ಟ ಮಾಡುವಷ್ಟರಲ್ಲಿ ತಾಯಿ ಕ್ಯಾಮೆರಾದ ಹಿಂದೆ ಬಂದು ನಿಂತಳು. ಕೂದಲು ಕೆದರಿತ್ತು, ಮುಖ ಒದ್ದೆಯಾಗಿತ್ತು. ಬೆವರೋ ಏನೋ, ಗುಬ್ಬಿಮಾಮ ದಿಟ್ಟಿಸಲು ಹೋಗಲಿಲ್ಲ. ಅವಳನ್ನು ಕಂಡದ್ದೇ ತಡ, ಮಗು ಬಾಯಗಲಿಸಿ ನಕ್ಕಿತು.

"ಬಾಯಿ ಮುಚ್ಚಿರ್ಬೇಕಮ್ಮ," ಅವನ ದನಿ ಕುಗ್ಗಿತ್ತು. "ನೀವು ನಗಬೇಡಿ, ಅದೂ ನಿಲ್ಸುತ್ತೆ."

ತಾಯಿ ತುಟಿ ಬಿಗಿಹಿಡಿದಳು. ಮಗುವೂ ನಗು ನಿಲ್ಲಿಸಿ, ಏನಾಯಿತು ಎಂದು ಕೇಳುವಂತೆ ಅವಳನ್ನೇ ನೆಟ್ಟ ನೋಟದಿಂದ ನೋಡಿತು. ಗುಬ್ಬಿಮಾಮ ಗುಂಡಿ ಒತ್ತಿದ.

ಎಲ್ಲೂ ತಪ್ಪೆಂದು ಬೆರಳಿಟ್ಟು ತೋರಿಸಲಾಗದ ಫೋಟೋ. ತಾಯಿಯೂ ಬಗ್ಗಿ ನೋಡಿದಳು. ಇಂಥದ್ದೊಂದು ಬಂದಾಗ ಹಿಗ್ಗುವ ಗುಬ್ಬಿಮಾಮ ಈಗ ಹಿಗ್ಗಲಿಲ್ಲ. ಅವನ ಹೆಬ್ಬೆರಳು ಅಳಿಸುವ ಗುಂಡಿಯ ಮೇಲೆ ಹೋಗಿ ನಿಂತಿತು. ಅವಳು ಹೂಂ ಅಂದಿದ್ದರೆ ಸಾಕಿತ್ತು. ಅವಳು ಕೈ ಅಡ್ಡ ಹಿಡಿದಳು.

"ಬಂತಾ?" ಎಂದಳು ಬಟ್ಟೆಯೊಳಗಿನಿಂದ ಗಂಡನ ಅಕ್ಕ. "ನಂಗೇನೂ ಕಾಣ್ತಿಲ್ಲ."

ಅಕ್ಕನ ಮುಖಕ್ಕೆ ಎದುರಾಡಿ ಗೊತ್ತೇ ಇಲ್ಲದ ತಾಯಿ, ಆ ಮುಖ ಮರೆಯಾಗಿದ್ದ ಬಿಳಿ ಬಟ್ಟೆಯ ಕಡೆ ತಿರುಗಿದಳು.

"ತುಂಬ ಚೆನ್ನಾಗಿ ಬಂದಿದೆ ಅಕ್ಕಾ. ಹೋಗುವಾಗ ಈ ಫೋಟೋ ತಗೊಂಡು ಹೋಗಿ. ಮಗು ನನ್ನ ಹತ್ರಾನೇ ಇರ್ಲಿ."

ಅಕ್ಕ ಬಹಳ ಹೊತ್ತು ಬಟ್ಟೆ ತೆಗೆಯಲೇ ಇಲ್ಲ.