ಎಡಕ್ಕೆ ಹಾರಿದ ಗೋಲ್‌ಕೀಪರ್

ಧಾರವಾಡದ ಕಡೆಯ ಒಂದು ಕಾಲೇಜು. ಅದರ ಫುಟ್‌ಬಾಲ್ ತಂಡಕ್ಕೆ ಐವತ್ತು ವರ್ಷ ತುಂಬಿತ್ತು...

"ಮರೆಯಲಾಗದ ಹತ್ತು ಪಂದ್ಯಗಳ ಬಗ್ಗೆ ಪುಸ್ತಕ ಬರ್ಕೊಡ್ರಿ ಸರ" ಎಂದು ಕಾಲೇಜಿನವರು ನಿವೃತ್ತ ಕೋಚ್ ಕಲ್ಲಾಪುರ ಸರ್‌ಗೆ ಗಂಟುಬಿದ್ದರು.

ಒಂಬತ್ತು ಪಂದ್ಯ ಸಲೀಸಾಗಿ ಬರೆದರು. ಉಳಿದದ್ದು 1991ರ ಅಂತರ ಕಾಲೇಜು ಫೈನಲ್.

ಆ ಕಥೆ ಅವರಿಗೆ ಬಾಯಿಪಾಠ. ಪ್ರತಿ ಹೊಸ ತಂಡಕ್ಕೂ ಹೇಳಿ ನಗಿಸಿದ್ದರು.

"ಕಡೇ ಪೆನಾಲ್ಟಿ! ಬಾಲ್ ಬಲಕ್ಕ ಬಂತು, ನಮ್ಮ ಕೀಪರ್ ದ್ಯಾಮಣ್ಣ ಎಡಕ್ಕ ಹಾರಿದ! ಕಪ್ ಹೋತು. ಮೈದಾನದಾಗ ಕಪಾಳಕ್ಕ ಒಂದು ಬಿಟ್ಟೆ ನೋಡ್ರಿ..."

ಸ್ಕೋರು ಖಚಿತ ಮಾಡಿಕೊಳ್ಳಲು ಅಟ್ಟದಿಂದ ಹಳೆಯ ನೋಟ್‌ಬುಕ್ ಇಳಿಸಿದರು. ಎದುರಾಳಿಗಳ ಆಟ ಮೊದಲೇ ನೋಡಿ ಬರೆದಿಡುವುದು ಅವರ ಪದ್ಧತಿ.

ಫೈನಲ್‌ನ ಪುಟದಲ್ಲಿ ಅವರದೇ ಕೈಬರಹ...

"9ನೇ ನಂಬರಿನವನ ಪೆನಾಲ್ಟಿ ಯಾವಾಗಲೂ ಎಡಕ್ಕೆ. ಏನೇ ಆಗಲಿ ಎಡಕ್ಕೇ ಹಾರು ಎಂದು ದ್ಯಾಮಣ್ಣನಿಗೆ ಹೇಳಿದೆ."

ಪೆನ್ನು ಅಲ್ಲೇ ನಿಂತಿತು.

ತಾನೇ ಹೇಳಿದ ಮಾತು. ತಾನೇ ಮರೆತ ಮಾತು!

ಮರುದಿನವೇ ನವಲಗುಂದದ ಬಸ್ ಹತ್ತಿದರು. ದ್ಯಾಮಣ್ಣನದು ಅಲ್ಲಿ ಟೇಲರ್ ಅಂಗಡಿ. ತಲೆ ಬೆಳ್ಳಗಾಗಿತ್ತು. ಸರ್ ಅವರನ್ನು ಕಂಡಕೂಡಲೇ ಎದ್ದು ನಿಂತ.

"ದ್ಯಾಮಣ್ಣಾ... ಬಾಲ್ ಬಲಕ್ಕ ಬರೂದು ನಿನಗ ಗೊತ್ತಾಗಿತ್ತೇನೋ?"

"ಗೊತ್ತಾಗಿತ್ರಿ ಸರ. ಅವನ ಕಾಲು ತಿರುಗಿದ್ದು ನೋಡಿದ್ನಿ. ಆದ್ರ ನೀವು ಎಡಕ್ಕ ಅಂದಿದ್ರಿ..."

"ಮತ್ತ ಅವತ್ತ ಬಾಯಿ ಬಿಟ್ಟು ಹೇಳಬಾರದಿತ್ತೇನಲೇ?" ತಪ್ಪು ತಮ್ಮದಾದರೂ ಸರ್ ಸಿಟ್ಟಿನಿಂದಲೇ ಕೇಳಿದರು.

ದ್ಯಾಮಣ್ಣ ನಕ್ಕ. "ಬಾಯಿ ಹೆಂಗ ಬಿಡ್ಲಿರಿ? ನಿಮ್ಮ ಕೈ ಅದರ ಮ್ಯಾಲ ಇತ್ತಲ್ಲ!"

ಸರ್ ಕೈಮುಗಿದರು. "ನಂದು ತಪ್ಪಾತಪಾ... ಕ್ಷಮಾ ಮಾಡು."

ದ್ಯಾಮಣ್ಣ ಕತ್ತರಿ ಕೆಳಗಿಟ್ಟ.

"ಹೊಡದದ್ದು ಊರ ಮಂದಿ ಮುಂದ. ಕ್ಷಮಾ ಕೇಳೂದು ಅಂಗಡ್ಯಾಗ ಏನ್ರಿ?"

ಸರ್ ಮುಗಿದ ಕೈ ಇಳಿಸಿದರು.

"ನಂದು ಹೋಗ್ಲಿ ಬಿಡ್ರಿ. ಅವತ್ತ ಗ್ಯಾಲರಿಯಾಗ ನಮ್ಮಪ್ಪ ಕುಂತಿದ್ದ. ಮಾಸ್ತರ ಮ್ಯಾಲ ತಪ್ಪು ಹೊರಿಸಬ್ಯಾಡ ಅಂತ ಕಲಿಸಿದಾಂವನ ಅವ... ಅದಕ್ಕ ಅವಗೂ ಹೇಳ್ಲಿಲ್ಲ. ಕಪ್ ಕಳದ ಮಗ ಅಂತನ ತಿಳಕೊಂಡು ಹೋದ ವರ್ಷ ತೀರಿಕೊಂಡ."

ಹೋದ ವರ್ಷ...

ಆ ನೋಟ್‌ಬುಕ್ ಮೂವತ್ತು ವರ್ಷ ಅಟ್ಟದ ಮೇಲೇ ಇತ್ತು. ಒಂದು ವರ್ಷ ಮೊದಲು ಇಳಿಸಿದ್ದರೆ ಸಾಕಿತ್ತು.

ಸಮಾರಂಭದ ದಿನ ಕಲ್ಲಾಪುರ ಸರ್ ಮೈಕ್ ಮುಂದೆ ಆ ಪುಟವನ್ನು ಗಟ್ಟಿಯಾಗಿ ಓದಿದರು. "ಅವತ್ತ ಕಪಾಳಕ್ಕ ತಿನ್ನಬೇಕಾದಾಂವ ನಾನು" ಎಂದು ಎಲ್ಲರೆದುರು ಕೈಮುಗಿದರು.



ಮೊದಲ ಸಾಲಿನಲ್ಲಿ ದ್ಯಾಮಣ್ಣ ಕೂತಿದ್ದ. ಪಕ್ಕದ ಕುರ್ಚಿ ಖಾಲಿ. ಬಸ್ಸಿನಲ್ಲಿ ಸೀಟು ಹಿಡಿದಂತೆ, ಅದರ ಮೇಲೆ ಅಪ್ಪನ ಹಳೆಯ ಟವೆಲ್ ಹಾಸಿದ್ದ...

ನಾಲ್ಕು ಜನರೆದುರು ಮಾಡಿದ ಅವಮಾನಕ್ಕೆ ನಾಲ್ಕು ಜನರೆದುರೇ ಕ್ಷಮೆ ಕೇಳಬೇಕು... ಅದೂ ಆ ಜನ ಬದುಕಿರುವಾಗಲೇ.

ನೀವು ನಗುತ್ತಾ ಹೇಳುವ ಹಳೆಯ ಕಥೆಯಲ್ಲಿ ಯಾರ ಕೆನ್ನೆ ಇನ್ನೂ ಉರಿಯುತ್ತಿದೆ?